ಚಪ್ಪರದ ಕೆಳಗೆ ನಿನ್ನ ಜಾಗ

ಬೆಂಗಳೂರು
ಆಷಾಢದ ಒಂದು ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ಭಾವ ಪಕ್ಕದಿಂದ ‘ಶಾಮಿಯಾನ ಹಾಕಿಸೋದಕ್ಕೆ ಬಿ.ಕಾಂ. ಯಾಕೆ ಓದಬೇಕಿತ್ತು’ ಅನ್ನುತ್ತಾರೆ. ಅವರ ಜೊತೆ ವಾದಕ್ಕೆ ಬಿದ್ದು ನಿನ್ನ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಈಗ ಆಷಾಢ, ಛತ್ರಗಳೆಲ್ಲ ಖಾಲಿ, ನನಗೂ ಪುರುಸೊತ್ತು. ಅದಕ್ಕೇ ಈ ಕಾಗದ.

ನಿನ್ನ ಮುಂದೆ ಮೂರು ಕೆಲಸಗಳಿವೆ. ಬೆಂಗಳೂರಿನ ಈವೆಂಟ್ ಏಜೆನ್ಸಿಯಲ್ಲಿ ಕ್ಲೈಂಟ್ ಸರ್ವಿಸಿಂಗ್: ಸಂಬಳ ಜಾಸ್ತಿ, ಗಾಜಿನ ಕಟ್ಟಡ, ಒಳ್ಳೆಯ ಕಾಫಿ. ಮೈಸೂರಿನ ಮದುವೆ ಪ್ಲಾನರ್ ಒಬ್ಬರ ಬಳಿ ಅತಿಥಿಗಳನ್ನು ನೋಡಿಕೊಳ್ಳುವ ತಂಡ. ಮೂರನೆಯದು ಪೀಣ್ಯದ ಕಡೆ ಗೋದಾಮಿನಲ್ಲೇ ಆಫೀಸು ಇಟ್ಟುಕೊಂಡಿರುವ ಪ್ರೊಡಕ್ಷನ್ ಕಂಪನಿ. ಅಲ್ಲಿ ಸಂಬಳ ಎಲ್ಲಕ್ಕಿಂತ ಕಡಿಮೆ. ಸಂದರ್ಶನಕ್ಕೆ ಹೋದವಳನ್ನು ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂರಿಸಿದರು ಅಂತ ಹೇಳಿ ನಕ್ಕೆ. ‘ಯಾವುದಕ್ಕೆ ಸ್ಕೋಪ್ ಇದೆ ಚಿಕ್ಕಮ್ಮ?’ ಅಂತ ಕೇಳಿದ್ದೀಯ. ಸ್ಕೋಪ್ ಮೂರಕ್ಕೂ ಇದೆ. ನಾನು ಕೇಳುವುದು ಬೇರೆ. ಕಾರ್ಯಕ್ರಮದ ದಿನ ಒಂದಲ್ಲ ಒಂದು ಕೆಟ್ಟೇ ಕೆಡುತ್ತದೆ. ಏನು ಕೆಟ್ಟರೆ ನೀನಾಗಿ ಮುಂದೆ ಬಂದು ‘ಇದು ನಂದು, ನಾನು ನೋಡ್ಕೋತೀನಿ’ ಅನ್ನುತ್ತೀಯ? ಊಟ ಕಡಿಮೆ ಬಿದ್ದರೆ? ಕರೆಂಟು ಹೋದರೆ? ಮುಖ್ಯ ಅತಿಥಿ ಮುನಿಸಿಕೊಂಡರೆ? ಇದಕ್ಕೆ ಉತ್ತರ ಸಿಕ್ಕರೆ ಕೆಲಸ ಯಾವುದೆಂಬುದೂ ಸಿಕ್ಕಂತೆಯೇ.

ವಿಸಿಟಿಂಗ್ ಕಾರ್ಡಿನಲ್ಲಿ ಎಲ್ಲರೂ ‘ಈವೆಂಟ್ ಮ್ಯಾನೇಜರ್’ ಎಂದೇ ಹಾಕಿಸಿಕೊಳ್ಳುತ್ತಾರೆ. ಅಂಥ ಒಂದು ಕೆಲಸ ನಿಜಕ್ಕೂ ಇಲ್ಲ. ನಮ್ಮ ಕಡೆಯ ಮದುವೆಮನೆ ನೆನಪು ಮಾಡಿಕೋ. ಉಗ್ರಾಣಕ್ಕೆ ಒಬ್ಬರು, ಚಪ್ಪರಕ್ಕೆ ಒಬ್ಬರು, ದಿಬ್ಬಣವನ್ನು ಎದುರುಗೊಳ್ಳುವುದಕ್ಕೆ ಒಬ್ಬರು, ಪಂಕ್ತಿ ಏಳಿಸಿ ಕೂರಿಸುವುದಕ್ಕೆ ಇನ್ನೊಬ್ಬರು, ಪುರೋಹಿತರ ಪಕ್ಕ ನಿಂತು ಮುಹೂರ್ತ ಕಾಯುವುದಕ್ಕೆ ಮತ್ತೊಬ್ಬರು. ಯಾರಿಗೆ ಯಾವುದು ಅಂತ ಹಿರಿಯರು ಸ್ವಭಾವ ನೋಡಿ ಒಪ್ಪಿಸುತ್ತಿದ್ದರು. ಮುಂಗೋಪಿಯನ್ನು ಬೀಗರ ಉಪಚಾರಕ್ಕೆ ಬಿಡುತ್ತಿರಲಿಲ್ಲ. ದಾಕ್ಷಿಣ್ಯದ ಮನುಷ್ಯನ ಕೈಗೆ ಉಗ್ರಾಣದ ಬೀಗದ ಕೈ ಕೊಡುತ್ತಿರಲಿಲ್ಲ. ಬೆಂಗಳೂರಿನ ಕಂಪನಿಗಳಲ್ಲಿರುವುದೂ ಇವೇ ಕೆಲಸಗಳು. ಇಲ್ಲಿ ಸ್ವಭಾವ ನೋಡಿ ಒಪ್ಪಿಸುವ ಹಿರಿಯರಿಲ್ಲ, ಯಾವ ಹುದ್ದೆ ಖಾಲಿಯಿದೆಯೋ ಅಲ್ಲಿ ಕೂರಿಸುತ್ತಾರೆ. ಹಾಗಾಗಿ ನಿನ್ನ ಸ್ವಭಾವವನ್ನು ನೀನೇ ನೋಡಿಕೊಳ್ಳಬೇಕು.

ಕ್ಲೈಂಟ್ ಸರ್ವಿಸಿಂಗ್ ಅಂದರೆ ಏನೆಂದು ಹೇಳುತ್ತೇನೆ ಕೇಳು. ಹಣ ಕೊಡುವವರಿಗೂ ಕೆಲಸ ಮಾಡುವವರಿಗೂ ನಡುವೆ ನಿಲ್ಲುವ ಕೆಲಸ ಅದು. ಕಂಪನಿಯವರು ‘ಏನಾದ್ರೂ ಡಿಫರೆಂಟಾಗಿ ಮಾಡಿ’ ಅನ್ನುತ್ತಾರೆ. ಆ ಒಂದು ವಾಕ್ಯದಿಂದ ಬಜೆಟ್ಟು, ಜಾಗ, ಜನಸಂಖ್ಯೆ ಎಲ್ಲವನ್ನೂ ನೀನು ಹೊರಡಿಸಬೇಕು. ಪಿಚ್‌ಗೆ ಸ್ಲೈಡುಗಳು, ವೇದಿಕೆಯ ತ್ರೀಡಿ ಚಿತ್ರ, ಕೊಟೇಶನ್ನು, ಆಮೇಲೆ ಅದೇ ಕೊಟೇಶನ್ನಿನ ಏಳನೆಯ ತಿದ್ದುಪಡಿ. ಕಾರ್ಯಕ್ರಮದ ಹಿಂದಿನ ರಾತ್ರಿ ಅವರ ಮೇಲಧಿಕಾರಿ ಬಂದು ‘ನೀಲಿ ಬ್ಯಾಕ್‌ಡ್ರಾಪ್ ಯಾಕೆ, ನಮ್ಮ ಬ್ರ್ಯಾಂಡ್ ಬಣ್ಣ ಇದಲ್ಲ’ ಎಂದರೆ, ಒಪ್ಪಿಗೆ ಕೊಟ್ಟ ಮೇಲ್ ನಿನ್ನ ಕೈಯಲ್ಲೇ ಇದ್ದರೂ ಅದನ್ನು ಯಾವಾಗ ತೋರಿಸಬೇಕು, ಯಾವಾಗ ಬಾರದು ಎಂಬ ವಿವೇಕ ಬೇಕು. ಈ ಕೆಲಸದಲ್ಲಿ ಅರಳುವವರನ್ನು ನಾನು ಬಹಳ ಜನರನ್ನು ಬಲ್ಲೆ. ಅವರಿಗೆ ಜನ ಅಂದರೆ ಇಷ್ಟ, ಮಾತು ಅಂದರೆ ಇಷ್ಟ, ‘ಆಗಲ್ಲ’ ಎಂಬುದನ್ನು ‘ಹೀಗೆ ಮಾಡಿದರೆ ಇನ್ನೂ ಚೆನ್ನಾಗಿರುತ್ತೆ’ ಎಂದು ಹೇಳುವ ಕಲೆ ಗೊತ್ತು. ಮುಂದೆ ಸ್ವಂತ ಕಂಪನಿ ಕಟ್ಟುವವರಲ್ಲಿ ಹೆಚ್ಚಿನವರು ಈ ಕಡೆಯಿಂದಲೇ ಬರುತ್ತಾರೆ, ಏಕೆಂದರೆ ಗಿರಾಕಿಗಳ ಫೋನ್ ನಂಬರು ಇರುವುದು ಅವರ ಬಳಿ. ನಿನ್ನಮ್ಮ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹೆಂಗಸು. ನೀನು ಅಲ್ಲ.

ಅತಿಥಿಗಳ ತಂಡದ ಕೆಲಸವನ್ನು ಕೀಳೆಂದು ತಿಳಿಯಬೇಡ. ಐನೂರು ಜನ ಬರುವ ಮದುವೆಯಲ್ಲಿ ಯಾರ ವಿಮಾನ ಎಷ್ಟಕ್ಕೆ, ಯಾವ ಕಾರು, ಯಾವ ರೂಮು, ಯಾವ ಅಜ್ಜಿಗೆ ನೆಲ ಅಂತಸ್ತೇ ಆಗಬೇಕು, ಯಾವ ಇಬ್ಬರು ಅಣ್ಣತಮ್ಮಂದಿರನ್ನು ಒಂದೇ ಮಹಡಿಯಲ್ಲಿ ಇಳಿಸಬಾರದು, ಎಲ್ಲವೂ ಒಂದು ಎಕ್ಸೆಲ್ ಹಾಳೆಯಲ್ಲಿರುತ್ತದೆ. ಆ ಹಾಳೆ ಕಾಯುವವರೇ ಇವರು. ಮೃದು ಮಾತು, ಗಟ್ಟಿ ನೆನಪು, ದಿನವಿಡೀ ನಿಂತು ನಗುವ ಶಕ್ತಿ ಬೇಕು. ಮೈಸೂರಿನಲ್ಲಿ ಅರಮನೆ, ಹಳೆಯ ಬಂಗಲೆಗಳನ್ನು ನೋಡಿಕೊಂಡು ಹೊರಗಿನವರು ಬಂದು ಮಾಡುವ ಮದುವೆಗಳಿವೆ, ಕೆಲಸಕ್ಕೆ ಕೊರತೆಯಿಲ್ಲ. ಆದರೆ ನಮ್ಮ ಕ್ಯಾಲೆಂಡರ್ ಮರೆಯಬೇಡ: ಆಷಾಢ ಇಲ್ಲ, ಪಿತೃಪಕ್ಷ ಇಲ್ಲ, ಧನುರ್ಮಾಸ ಇಲ್ಲ, ಅಧಿಕಮಾಸ ಬಂದರೆ ಅದೂ ಇಲ್ಲ. ಬರೀ ಮದುವೆಯನ್ನೇ ನೆಚ್ಚಿಕೊಂಡ ಕಂಪನಿ ಆ ತಿಂಗಳುಗಳಲ್ಲಿ ಸಂಬಳ ಹೇಗೆ ಕೊಡುತ್ತದೆಂದು ಕೇಳಿ ತಿಳಿದುಕೊಳ್ಳಬೇಕು. ಮಾರ್ವಾಡಿ, ಗುಜರಾತಿ, ತಮಿಳು, ಮಲಯಾಳಿ, ಕ್ರೈಸ್ತ, ಮುಸ್ಲಿಂ ಮದುವೆಗಳನ್ನೂ ಹಿಡಿದವರಿಗೆ ವರ್ಷ ಸ್ವಲ್ಪ ಸಮನಾಗಿ ಓಡುತ್ತದೆ. ಕಾರ್ಪೊರೇಟ್ ಸಮಾವೇಶಗಳಿಗಂತೂ ಪಂಚಾಂಗದ ಹಂಗಿಲ್ಲ.

ಇನ್ನು ಆ ಪೀಣ್ಯದ ಗೋದಾಮು. ಅದರ ಬಗ್ಗೆ ಉದ್ದಕ್ಕೆ ಬರೆಯಬೇಕು.

ಪ್ರೊಡಕ್ಷನ್ ಅಂದರೆ ಕಾಗದದ ಮೇಲಿರುವುದನ್ನು ನೆಲದ ಮೇಲೆ ನಿಲ್ಲಿಸುವುದು. ಮೊದಲು ರೆಕ್ಕಿ. ಮೈದಾನಕ್ಕೆ ಹೋಗಿ ಲಾರಿ ಒಳಗೆ ಬರುವ ಗೇಟಿನ ಅಗಲ ಅಳೆಯುವುದರಿಂದ ಕೆಲಸ ಶುರು. ಮಣ್ಣು ಮಳೆಗೆ ಕುಸಿಯುತ್ತದಾ, ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯಾ, ಜನರೇಟರ್ ಎಲ್ಲಿಟ್ಟರೆ ಸದ್ದು ವೇದಿಕೆಗೆ ಬರುವುದಿಲ್ಲ, ಶೌಚಾಲಯ ಎಷ್ಟು, ನೀರಿನ ಟ್ಯಾಂಕರ್ ಯಾವ ದಾರಿಯಲ್ಲಿ ಬರಬೇಕು. ಆಮೇಲೆ ಲೈಟು ತೂಗುಹಾಕುವ ಲೋಹದ ಚೌಕಟ್ಟು, ಅಂದರೆ ಟ್ರಸ್, ಪ್ಲಾಟ್‌ಫಾರಂ, ಎಲ್‌ಇಡಿ ವಾಲ್, ಸೌಂಡು, ಲೈಟು, ಬಡಗಿಗಳು, ಹೂವಿನವರು. ಒಬ್ಬೊಬ್ಬರಿಗೂ ಒಂದೊಂದು ಹೊತ್ತು, ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರದು ಶುರುವಾಗುವುದಿಲ್ಲ. ಟ್ರಸ್ ಏರುವ ಮೊದಲೇ ಕಾರ್ಪೆಟ್ ಹಾಸಿದರೆ ಕಾರ್ಪೆಟ್ ಹಾಳು. ಹೂವು ಬೇಗ ಬಂದರೆ ಹೂವು ಹಾಳು. ಜನರೇಟರ್ ಎರಡು ಬೇಕು, ಒಂದು ಓಡುವುದಕ್ಕೆ, ಒಂದು ಕಾಯುವುದಕ್ಕೆ. ಎರಡನೆಯದನ್ನು ಬಜೆಟ್‌ನಿಂದ ಕಿತ್ತುಹಾಕಲು ಎಲ್ಲರೂ ಹೇಳುತ್ತಾರೆ. ಅದನ್ನು ಉಳಿಸಿಕೊಳ್ಳುವುದು ಪ್ರೊಡಕ್ಷನ್‌ನವರ ಧರ್ಮ.

ಇಲ್ಲಿ ತಯಾರಿಯ ಪಾಠ ಕಲಿಯಬೇಕಾದರೆ ಮೈಸೂರು ದಸರಾ ನೋಡು. ಜಂಬೂಸವಾರಿಯ ದಿನ ಜನ ನೋಡುವುದು 750 ಕೆ.ಜಿ. ತೂಕದ ಅಂಬಾರಿಯನ್ನು. ನಾನು ನೋಡುವುದು ಅದರ ಹಿಂದಿನ ವಾರಗಳನ್ನು. ಆನೆಗಳು ಕಾಡಿನ ಶಿಬಿರಗಳಿಂದ ಮೊದಲೇ ಬಂದಿಳಿಯುತ್ತವೆ. ಬೆನ್ನ ಮೇಲೆ ಮರಳಿನ ಮೂಟೆ ಹೇರಿಸಿಕೊಂಡು ಅರಮನೆಯಿಂದ ಬನ್ನಿಮಂಟಪದವರೆಗೆ ದಿನವೂ ನಡೆಯುತ್ತವೆ, ತೂಕ ಸ್ವಲ್ಪಸ್ವಲ್ಪವಾಗಿ ಏರುತ್ತದೆ. ಕುಶಾಲತೋಪಿನ ಸದ್ದಿಗೆ ಬೆದರದಿರಲೆಂದು ಅವುಗಳ ಎದುರೇ ತೋಪು ಹಾರಿಸಿ ತಾಲೀಮು ಕೊಡುತ್ತಾರೆ. ತೂಕ, ದಾರಿ, ಸದ್ದು, ಮೂರನ್ನೂ ಮೊದಲೇ ಅನುಭವಕ್ಕೆ ತಂದಾಗಿರುತ್ತದೆ, ಆ ದಿನಕ್ಕೆ ಹೊಸದೆಂದು ಉಳಿಯುವುದು ಜನಸಂದಣಿ ಮಾತ್ರ. ಎಲ್‌ಇಡಿ ಪರದೆ ಹಾಕಿಸಿ ರಿಹರ್ಸಲ್‌ಗೆ ಸಮಯವಿಲ್ಲ ಎನ್ನುವ ನಮ್ಮ ಕಂಪನಿಗಳು ಮಾವುತರ ಬಳಿ ಹೋಗಿ ಕಲಿಯಬೇಕು.

ಪ್ರೊಡಕ್ಷನ್‌ನಲ್ಲಿ ಪಳಗಿದವರು ಮುಂದೆ ಕವಲೊಡೆಯುತ್ತಾರೆ. ಒಂದು ಕವಲು ಶೋ ರನ್ನರ್. ಕಿವಿಗೆ ಹೆಡ್‌ಸೆಟ್, ಕೈಯಲ್ಲಿ ಕ್ಯೂ ಶೀಟ್, ‘ಲೈಟ್ ಸ್ಟ್ಯಾಂಡ್‌ಬೈ, ವಿಡಿಯೊ ಸ್ಟ್ಯಾಂಡ್‌ಬೈ, ಗೋ’ ಎಂದು ಹೇಳುವವರು. ಸಚಿವರು ಮುಕ್ಕಾಲು ಗಂಟೆ ತಡವಾದರೆ ಯಾವ ಹಾಡನ್ನು ಮೊದಲು ತರಬೇಕು, ಯಾರ ಭಾಷಣವನ್ನು ಮೊಟಕುಗೊಳಿಸಬೇಕು ಎಂದು ಅರೆಕ್ಷಣದಲ್ಲಿ ನಿರ್ಧರಿಸುವವರೂ ಅವರೇ. ಹೊತ್ತು ಪಾಲಿಸುವುದು ನಮ್ಮ ಜನಕ್ಕೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ಜೆ.ಪಿ. ನಗರದ ರಂಗಶಂಕರ ತೋರಿಸು. 2004ರಲ್ಲಿ ಬಾಗಿಲು ತೆರೆದ ಆ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಜನ ಅದಕ್ಕೆ ಒಗ್ಗಿಕೊಂಡಿದ್ದಾರೆ.

ಇನ್ನೊಂದು ಕವಲು ತಾಂತ್ರಿಕ ಕೆಲಸ: ಸೌಂಡ್ ಎಂಜಿನಿಯರ್, ಬೆಳಕಿನ ವಿನ್ಯಾಸ, ರಿಗ್ಗಿಂಗ್. ಇದನ್ನು ಕಲಿಯಲು ಎಂಜಿನಿಯರಿಂಗ್ ಪದವಿಯೇ ಬೇಕೆಂದಿಲ್ಲ. ನಿನ್ನ ಸಾಗರದ ಪಕ್ಕದ ಹೆಗ್ಗೋಡಿನಲ್ಲೇ 1980ರಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಂ ರಂಗಶಿಕ್ಷಣ ಕೇಂದ್ರ ಕಟ್ಟಿದರು. ಅಲ್ಲಿಯಂಥ ಒಂದು ವರ್ಷದ ಕಲಿಕೆಯಲ್ಲಿ ನಟನೆಯ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ. ಅಲ್ಲಿಂದ ಬಂದವರನ್ನು ತಂಡಕ್ಕೆ ಸೇರಿಸಿಕೊಳ್ಳುವಾಗ ನನಗೆ ಧೈರ್ಯ. ಇರುವ ನಾಲ್ಕು ಲೈಟಿನಲ್ಲಿ ಕೆಲಸ ತೆಗೆಯುವುದು ಅವರಿಗೆ ಗೊತ್ತು, ಸಲಕರಣೆ ಇಲ್ಲವೆಂದು ಕೈಚೆಲ್ಲಿ ಕೂರುವುದಿಲ್ಲ.

ಎಕ್ಸಿಬಿಷನ್ ಮತ್ತೊಂದು ಲೋಕ. ತುಮಕೂರು ರಸ್ತೆಯ ಮಾದಾವರದಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರಕ್ಕೆ ಈಗ ಮೆಟ್ರೋ ಕೂಡ ಹೋಗುತ್ತದೆ. ಅಲ್ಲಿ ನಡೆಯುವ ಯಂತ್ರೋಪಕರಣ ಮೇಳಗಳಲ್ಲಿ ಟನ್ನುಗಟ್ಟಲೆ ತೂಕದ ಯಂತ್ರಗಳನ್ನು ಕ್ರೇನಿನಲ್ಲಿ ಇಳಿಸಿ, ಅವುಗಳ ಸುತ್ತ ಮಳಿಗೆ ಕಟ್ಟಿ, ಮೇಳ ಮುಗಿದ ರಾತ್ರಿಯೇ ಕಳಚಬೇಕು. ಹಾಡು ಕುಣಿತ ಇಲ್ಲ, ಫೋಟೊ ಬರುವುದಿಲ್ಲ. ಆದರೆ ತಾರೀಖುಗಳು ಬಹಳ ಮೊದಲೇ ನಿಗದಿಯಾಗಿರುತ್ತವೆ, ಕೆಲಸ ಲೆಕ್ಕಾಚಾರದ್ದು. ಲೆಕ್ಕ ಓದಿದ ಹುಡುಗಿ ಇದನ್ನೂ ತಲೆಯಲ್ಲಿಟ್ಟುಕೊಂಡಿರಬೇಕು.

ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವ ಕವಲು ಒಂದಿದೆ, ಅದನ್ನು ಯಾರೂ ಕೇಳಿಕೊಂಡು ಬರುವುದಿಲ್ಲ. ಪರವಾನಗಿ ಮತ್ತು ಸುರಕ್ಷತೆ. ಪೊಲೀಸ್ ಅನುಮತಿ, ಅಗ್ನಿಶಾಮಕ ದಳದ ನಿರಾಕ್ಷೇಪಣೆ, ಪಾಲಿಕೆ, ಬೆಸ್ಕಾಂ, ಹಾಡು ಹಾಕುವುದಕ್ಕೆ ಹಕ್ಕುದಾರರ ಲೈಸೆನ್ಸು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ ಕೆಲವೇ ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. 9.55ಕ್ಕೆ ವೇದಿಕೆಯ ಪಕ್ಕ ನಿಂತು ಜನಪ್ರಿಯ ಗಾಯಕನಿಗೆ ‘ಇದೇ ಕೊನೆಯ ಹಾಡು’ ಎಂದು ಸನ್ನೆ ಮಾಡುವುದಕ್ಕೆ ಎದೆಗಾರಿಕೆ ಬೇಕು. ಅದಕ್ಕಿಂತ ದೊಡ್ಡದು ಜನರ ಪ್ರಾಣ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ನಮ್ಮ ತಲೆಮಾರಿಗೆ ಅದು ಹಿರಿಯರು ಹೇಳಿದ ಕಥೆಯಾಗಿತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ, ಕಪ್ ಗೆದ್ದ ಸಂಭ್ರಮಕ್ಕೆ ಬಂದ 11 ಜನ ನೂಕುನುಗ್ಗಲಿನಲ್ಲಿ ಸತ್ತಾಗ ಅದು ನಮ್ಮ ಕಾಲದ್ದೂ ಆಯಿತು. ಹೊಣೆ ಯಾರದೆಂಬುದನ್ನು ಹೇಳುವುದು ಕಾನೂನಿನ ಕೆಲಸ. ನಮ್ಮ ವೃತ್ತಿಯವರು ಕೇಳಿಕೊಳ್ಳಬೇಕಾದದ್ದು ಇಷ್ಟು: ಎಷ್ಟು ಜನ ಬರುತ್ತಾರೆ, ಯಾವ ಗೇಟಿನಿಂದ ಒಳಗೆ, ಯಾವುದರಿಂದ ಹೊರಗೆ, ತುಂಬಿದ ಮೇಲೆ ‘ಇನ್ನು ಸಾಕು’ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳದ ಕಾರ್ಯಕ್ರಮಕ್ಕೆ ಹೂವಿನ ಅಲಂಕಾರ ಎಷ್ಟಿದ್ದರೇನು?

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನಣ್ಣನ ಮದುವೆಯಲ್ಲಿ ಹುಡುಗಿಯರೆಲ್ಲ ಫೋಟೊ ತೆಗೆಸಿಕೊಳ್ಳುವಾಗ ನೀನು ಉಗ್ರಾಣದ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದೆ. ದಿಬ್ಬಣ ತಡವಾಗುತ್ತದೆ ಅಂತ ತಿಳಿದದ್ದೇ ತಡ, ಅಡುಗೆ ಭಟ್ಟರಿಗೆ ಹೇಳಿ ಒಗ್ಗರಣೆ ನಿಲ್ಲಿಸಿದೆ, ನಮ್ಮ ಕಡೆಯ ಮಕ್ಕಳನ್ನು ಮೊದಲ ಪಂಕ್ತಿಗೆ ಕೂರಿಸಿದೆ. ಬಾಡಿಗೆ ಪಾತ್ರೆ ವಾಪಸು ಹೋಗುವಾಗ ಒಂದು ಸೌಟು ಕಡಿಮೆಯಿದೆ ಎಂದು ಕಂಡುಹಿಡಿದವಳೂ ನೀನೇ. ಹಾಗೆಯೇ, ಜರಿ ಪಂಚೆಯ ಬೀಗರೊಬ್ಬರು ಸಾಲು ಮುರಿದು ಊಟಕ್ಕೆ ಬಂದಾಗ ‘ಮುಂದಿನ ಪಂಕ್ತಿಗೆ ಬನ್ನಿ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೂ ನೀನೇ. ನಿನ್ನಮ್ಮ ಸಂಜೆಯವರೆಗೂ ಅವರ ಹಿಂದೆ ಹೋಳಿಗೆ ಹಿಡಿದು ತಿರುಗಿದಳು. ಇಂಥವಳು ಕ್ಲೈಂಟ್ ಸರ್ವಿಸಿಂಗಿಗೆ ಹೋದರೆ ಆರು ತಿಂಗಳಲ್ಲಿ ಸುಳ್ಳು ನಗು ನಕ್ಕು ಸುಸ್ತಾಗುತ್ತಾಳೆ, ಇಲ್ಲವೇ ಗಿರಾಕಿಯನ್ನು ಕಳೆಯುತ್ತಾಳೆ. ಅದೇ ಖಡಕ್ಕುತನ ಗೇಟಿನ ಬಳಿ, ಗೋದಾಮಿನಲ್ಲಿ, ಸಾಮಾನು ಇಳಿಸಿ ಕಟ್ಟುವ ಲೋಡ್-ಇನ್ ಹೊತ್ತಿನಲ್ಲಿ ಚಿನ್ನದಂಥ ಗುಣ.

ಕಷ್ಟ ಮುಚ್ಚಿಡುವುದಿಲ್ಲ. ಲೋಡ್-ಇನ್ ನಡೆಯುವುದು ಬಹುಮಟ್ಟಿಗೆ ರಾತ್ರಿಯೇ. ಹಗಲು ನಗರದ ರಸ್ತೆಗಳಲ್ಲಿ ಲಾರಿ ಬಿಡುವುದಿಲ್ಲ, ಸಭಾಂಗಣವೂ ಹಿಂದಿನ ಕಾರ್ಯಕ್ರಮ ಮುಗಿದ ಮೇಲೆಯೇ ಕೈಗೆ ಸಿಗುವುದು. ಸೈಟಿನಲ್ಲಿ ಹೆಂಗಸರ ಶೌಚಾಲಯ ಮೊದಲ ದಿನವೇ ಬರುವಂತೆ ನೀನೇ ಕೇಳಿ ತರಿಸಬೇಕು. ನಿನಗೊಬ್ಬಳಿಗೇ ಅಲ್ಲ, ಕಸ ಗುಡಿಸುವ, ಹೂವು ಕಟ್ಟುವ ಹೆಂಗಸರಿಗೂ ಅದು ಬೇಕು. ಬಡಗಿಗಳು, ಲೈಟಿನ ಹುಡುಗರು ಮೊದಮೊದಲು ನಿನ್ನ ಮಾತಿಗೆ ಹಿಂದೆ ಇರುವ ಗಂಡಸಿನ ಮುಖ ನೋಡುತ್ತಾರೆ. ಅಳತೆ ಸರಿ ಹೇಳು, ಊಟ ಹೊತ್ತಿಗೆ ಸರಿಯಾಗಿ ತರಿಸು, ಅವರ ಕೂಲಿ ತಡಮಾಡಬೇಡ. ಎರಡು ಸೈಟು ದಾಟುವುದರೊಳಗೆ ‘ಮೇಡಂ ಏನಂತಾರೆ ಕೇಳು’ ಎನ್ನುತ್ತಾರೆ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಈ ಉದ್ಯಮದಲ್ಲಿ ಹಣವಿದೆ, ಆದರೆ ಬರುವ ಹೊತ್ತಿಗೆ ಬರುವುದಿಲ್ಲ. ದೊಡ್ಡ ಕಂಪನಿಗಳು ಬಿಲ್ಲಿನ ಹಣ ಕೊಡಲು ಎರಡು ಮೂರು ತಿಂಗಳು ಮಾಡುತ್ತವೆ. ಸೌಂಡಿನವನಿಗೆ, ಊಟದವನಿಗೆ ಮಾತ್ರ ಅಡ್ವಾನ್ಸ್ ಇಂದೇ ಕೊಡಬೇಕು. ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಪ್ರಕಾರ ನೋಂದಾಯಿತ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ಕಾಯ್ದೆ ಇದೆ ಎಂದು ಗಿರಾಕಿಗೆ ನೆನಪಿಸಿದರೆ ಮುಂದಿನ ಕೆಲಸ ತಪ್ಪೀತೆಂಬ ಹೆದರಿಕೆಯೂ ಇದೆ. ಈ ಹಗ್ಗಜಗ್ಗಾಟ ಗೊತ್ತಿರುವ ಬಿ.ಕಾಂ. ಹುಡುಗಿ ಯಾವ ಪ್ರೊಡಕ್ಷನ್ ಕಂಪನಿಗೂ ಬೇಕು. ಫ್ರೀಲ್ಯಾನ್ಸ್ ಎಂಬ ಆಸೆ ಈಗಲೇ ಬೇಡ. ದಿನದ ಲೆಕ್ಕದಲ್ಲಿ ಕೈತುಂಬ ಬರುತ್ತದೆ ಅನಿಸುತ್ತದೆ, ಆದರೆ ಕೆಲಸವಿಲ್ಲದ ದಿನದ ಲೆಕ್ಕ ಯಾರೂ ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಎಲ್ಲ ಒಟ್ಟಿಗೆ ನಿಂತುಹೋದಾಗ ಮೊದಲು ಬಿದ್ದವರು ದಿನಗೂಲಿಯ ಲೈಟ್ ಹುಡುಗರು ಮತ್ತು ಫ್ರೀಲ್ಯಾನ್ಸಿನವರು.

ಅದಕ್ಕೇ ನನ್ನ ತೀರ್ಪು: ಗೋದಾಮಿನ ಕೆಲಸ ಹಿಡಿ. ಎರಡು ಮದುವೆ ಸೀಸನ್ನು, ಒಂದಾದರೂ ಎಕ್ಸಿಬಿಷನ್ನು, ಒಂದು ಸರ್ಕಾರಿ ಉತ್ಸವ ಮುಗಿಯುವವರೆಗೆ ಬೇರೆ ಕಡೆ ನೋಡಬೇಡ. ಆಮೇಲೆ ಶೋ ನಡೆಸುವುದೋ, ಸುರಕ್ಷತೆಯೋ, ಮೇಳಗಳೋ, ನಿನಗೇ ದಾರಿ ಕಾಣುತ್ತದೆ. ಸಂಬಳದ ವ್ಯತ್ಯಾಸ ಮೊದಲ ವರ್ಷ ಕಾಡುತ್ತದೆ, ಬಾಡಿಗೆ ಉಳಿಸಬೇಕೆಂದರೆ ನಮ್ಮ ಮನೆಯ ಮಹಡಿ ಕೋಣೆ ಖಾಲಿಯಿದೆ. ಆದರೆ ಒಪ್ಪಿಕೊಳ್ಳುವ ಮೊದಲು ಅವರನ್ನು ಕೆಲವು ಮಾತು ಕೇಳು. ನೇಮಕಾತಿ ಪತ್ರ ಮತ್ತು ಪಿ.ಎಫ್. ಇದೆಯಾ? ರಾತ್ರಿ ಕೆಲಸಕ್ಕೆ ಮನೆಬಾಗಿಲವರೆಗೆ ವಾಹನ ಕೊಡುತ್ತಾರಾ? ಇಪ್ಪತ್ತು ಗಂಟೆ ಕೆಲಸ ಮಾಡಿದ ಮರುದಿನ ರಜೆ ಇದೆಯಾ? ಎತ್ತರ ಹತ್ತುವ ಹುಡುಗರಿಗೆ ಬೆಲ್ಟು, ಹೆಲ್ಮೆಟ್ಟು, ವಿಮೆ ಮಾಡಿಸಿದ್ದಾರಾ? ಕೊನೆಯ ಪ್ರಶ್ನೆ ನಿನ್ನ ಹುದ್ದೆಗೆ ಸಂಬಂಧಿಸಿದ್ದಲ್ಲ ಅಂತ ಅವರು ಅಂದರೆ, ಸಂಬಳ ಎಷ್ಟೇ ಇರಲಿ, ಅಲ್ಲಿ ಸೇರಬೇಡ. ನಾನು ಬೇರೆ ಕಡೆ ಹೇಳುತ್ತೇನೆ.

ಇಷ್ಟಕ್ಕೂ ಸರಿಯಾದ ಉತ್ತರ ಬಂದರೆ ಈ ವಾರವೇ ಒಪ್ಪಿಗೆ ಬರೆದು ಕಳಿಸು. ಶ್ರಾವಣ ಹುಟ್ಟಿದ ಕೂಡಲೇ ಕೆಲಸ ಶುರುವಾಗುತ್ತದೆ, ಆಗ ಯಾರಿಗೂ ನಿನಗೆ ಕಲಿಸುವಷ್ಟು ಬಿಡುವಿರುವುದಿಲ್ಲ.

ನಿನ್ನ ಪ್ರೀತಿಯ
ಚಿಕ್ಕಮ್ಮ